ಎರಡು ಗಂಡು ಮೊಲ, ಒಂದೇ ಗೂಡು

ಬೀಜ ಒಡೆಸಿದ ಮರುದಿನವೇ ಹೋರಿ ಎತ್ತಾಗುವುದಿಲ್ಲ; ದಾವಣಗೆರೆ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಲವೂ ಹಾಗೇ. ಇಲ್ಲಿ ಇಂಗ್ಲೆಂಡಿನ ಪ್ರಾಣಿದಯಾ ಸಂಘಗಳು ಮೊಲವನ್ನು ಒಂಟಿಯಾಗಿ ಸಾಕಬೇಡಿ ಅನ್ನುತ್ತವೆ; ಜೋಡಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗವಾದರೂ ಇರಲಿ ಅನ್ನುತ್ತವೆ. ಗಂಡು-ಹೆಣ್ಣಿನ ಜೋಡಿ ಸುಲಭ. ಎರಡೂ ಗಂಡಾದರೆ ತಾಳ್ಮೆ ಬೇಕು. ಊರಲ್ಲಿ ‘ಅಣ್ಣತಮ್ಮ, ಒಟ್ಟಿಗೆ ಬೆಳೆದಾವೆ’ ಅಂತ ಮಾರುವ ಮರಿಗಳೂ ಮೂರ್ನಾಲ್ಕು ತಿಂಗಳಿಗೆ ಕಚ್ಚಾಡತೊಡಗುತ್ತವೆ.

ಎರಡಕ್ಕೂ ಬೀಜ ತೆಗೆಸಿ 4ರಿಂದ 6 ವಾರ ಕಾಯಿರಿ, ಹಾರ್ಮೋನ್ ಇಳಿಯಲು ಅಷ್ಟು ಹೊತ್ತು ಹಿಡಿಯುತ್ತದೆ. (ಆಪರೇಷನ್‌ಗೆ ಮುಂಚೆ ರಾತ್ರಿಯೆಲ್ಲ ಉಪವಾಸ ಕೆಡವಬೇಡಿ. ಮೊಲ ವಾಂತಿ ಮಾಡುವುದಿಲ್ಲ. ಮೇವು ತಪ್ಪಿದರೆ ಕರುಳು ಜಡವಾಗುತ್ತದೆ.) ಅಷ್ಟೂ ದಿನ ಅಕ್ಕಪಕ್ಕದಲ್ಲಿ ಬೇರೆ ಗೂಡು, ನಡುವೆ ಅರ್ಧ ಗೇಣು ಸಂದು. ಜಾಲರಿ ತಾಗಿಕೊಂಡಿದ್ದರೆ ಮೂಗು, ತುಟಿ ಹರಿದುಕೊಳ್ಳುತ್ತವೆ. ಎರಡು ದಿನಕ್ಕೊಮ್ಮೆ ಹಿಕ್ಕೆಯ ತಟ್ಟೆ ಅದಲುಬದಲು ಮಾಡಿ, ಆಮೇಲೆ ಗೂಡನ್ನೇ. ಮೊದಲು ವಾಸನೆ ಪರಿಚಯವಾಗಲಿ, ಮುಖ ಆಮೇಲೆ.

ಎದುರುಬದುರು ಬಿಡುವ ಜಾಗ ಎರಡೂ ಕಾಲಿಡದ್ದಾಗಿರಬೇಕು. ಬಚ್ಚಲುಮನೆ ಆದೀತು, ಆದರೆ ಟೈಲ್ಸ್ ಮೇಲೆ ಕಾಲು ಜಾರಿದರೆ ಮೊಲ ಬೆದರಿ ಕಚ್ಚುತ್ತದೆ, ಗೋಣಿತಾಟು ಹಾಸಿ. ಊರಿನ ಏಪ್ರಿಲ್ ಬಿಸಿಲಲ್ಲಂತೂ ಈ ಕೆಲಸ ಬೆಳಗಿನ ಜಾವವೇ ಮುಗಿಯಬೇಕು. ಮೊದಲು ಹತ್ತು ನಿಮಿಷ, ದಿನಕ್ಕಿಷ್ಟು ಹೆಚ್ಚಿಸಿ. ಅಟ್ಟಿಸಿಕೊಂಡು ಹೋಗುವುದು, ಒಂಚೂರು ತುಪ್ಪಳ ಕೀಳುವುದು, ಹಿಂದಿನಿಂದ ನಾಲ್ಕು ಕ್ಷಣ ಮೇಲೇರುವುದು ನಡೆಯುತ್ತದೆ. ತಲೆಯ ಕಡೆಯಿಂದ ಏರಿದರೆ ಮಾತ್ರ ತಕ್ಷಣ ಇಳಿಸಿ: ಕೆಳಗಿನದು ಕಚ್ಚುವುದು ಮರ್ಮಾಂಗಕ್ಕೆ. ಕಿವಿ ಬೆನ್ನಿಗೆ ಅಂಟಿ, ಬಾಲ ನೆಟ್ಟಗಾಗಿ, ಒಂದರ ಬಾಲಕ್ಕೆ ಇನ್ನೊಂದರ ಮೂಗು ಹತ್ತಿ ಬುಗುರಿಯಂತೆ ಸುತ್ತತೊಡಗಿದವೋ, ಜಗಳಕ್ಕೆ ಕ್ಷಣವೂ ಬಾಕಿಯಿಲ್ಲ. ಬರಿಗೈ ಹಾಕಬೇಡಿ, ನಡುವೆ ಮೊರ ತೂರಿಸಿ. ಇದಕ್ಕಿಂತ ಒಳ್ಳೆ ಸಾಧನ ಇಲ್ಲೂ ಸಿಗುವುದಿಲ್ಲ.

ಒಂದು ತಲೆ ತಗ್ಗಿಸಿ ನೆಲಕ್ಕೊತ್ತಿದಾಗ ಇನ್ನೊಂದು ಹಣೆ ನೆಕ್ಕಿದರೆ ಗೆದ್ದಂತೆ. ಪರಸ್ಪರ ಲೆಕ್ಕಿಸದೆ ಗರಿಕೆ ಮೇಯುತ್ತಾ ಕೂತರೂ ಒಳ್ಳೆಯದೇ. ಮಂಡಕ್ಕಿ ಆಸೆ ತೋರಿಸಿ ಒಂದುಗೂಡಿಸಲು ಹೋಗಬೇಡಿ, ಹೊಟ್ಟೆ ಕೆಡುತ್ತದೆ.

ನಿಮ್ಮ ಕಣ್ಣೆದುರೇ 48 ಗಂಟೆ ಜಗಳವಿಲ್ಲದೆ ಕಳೆದರೆ, ವಿನೆಗರ್ ನೀರಲ್ಲಿ ತೊಳೆದ ಗೂಡಿಗೆ ಸೇರಿಸಿ. ನೀರಿನ ಬಟ್ಟಲು ಎರಡು, ಹುಲ್ಲು ಎರಡು ಮೂಲೆಗೆ, ಅಡಗುವ ಪೆಟ್ಟಿಗೆಗೆ ಎರಡು ಬಾಗಿಲು. ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿದ್ದಕ್ಕೆ ಓಡಲು ದಾರಿಯಿಲ್ಲ. ಮುಂದೆ ಒಂದಕ್ಕೆ ಹುಷಾರಿಲ್ಲದಿದ್ದರೂ ಡಾಕ್ಟರ ಹತ್ತಿರ ಎರಡನ್ನೂ ಒಯ್ಯಿರಿ. ಒಂದೇ ಹೋಗಿ ಔಷಧಿಯ ವಾಸನೆ ಹೊತ್ತು ಬಂದರೆ ಮನೆಯಲ್ಲಿದ್ದದ್ದು ಅದನ್ನು ಗುರುತಿಸದೆ ಮೇಲೆ ಬಿದ್ದೀತು. ಆಗ ಮತ್ತೆ ಮೊರ ಹಿಡಿದು ಮೊದಲಿನಿಂದ.