ತೊಟ್ಟಿಲ ಕಡ್ಡಿ ಮತ್ತು ಒಂದೂಮುಕ್ಕಾಲು ಎಂ.ಎಂ.

ಪೆನ್ನು ಮಾಡುತ್ತಾ ನಾನು ಹಾಳು ಮಾಡಿದ ಮರಕ್ಕೆ ಲೆಕ್ಕ ಇಲ್ಲ. ಆದರೆ ಒಂದು ಬೀಟೆ ಕಡ್ಡಿ ಮಾತ್ರ ಮನಸ್ಸಿನಿಂದ ಹೋಗಿಲ್ಲ.

ತೀರ್ಥಹಳ್ಳಿ ಕಡೆಯವರೊಬ್ಬರು ಫೋನ್ ಮಾಡಿದ್ದರು. ಮನೆಯ ಹಳೇ ತೊಟ್ಟಿಲು ಮುರಿದುಹೋಗಿ, ಅಟ್ಟದ ಮೇಲೆ ಒಂದೇ ಕಡ್ಡಿ ಉಳಿದಿತ್ತಂತೆ. ಅವರೂ ಅವರ ತಂಗಿಯೂ ಮಲಗಿದ್ದ ತೊಟ್ಟಿಲು. "ಇಬ್ಬರಿಗೂ ಒಂದೊಂದು ಪೆನ್ ಆಗುತ್ತಾ? 10 ಇಂಚಿನ ಮೇಲೇ ಇದೆ" ಅಂದರು. "ಆರಾಮಾಗಿ ಆಗುತ್ತೆ ಸಾರ್" ಅಂದುಬಿಟ್ಟೆ. ಎಡವಿದ್ದು ಅಲ್ಲೇ, ಗರಗಸ ಮುಟ್ಟೋ ಮುಂಚೆ.

ಸ್ಲಿಮ್‌ಲೈನ್ ಅನ್ನೋ ತೆಳ್ಳನೆ ಪೆನ್ನಿನ ಬಿಡಿಭಾಗಗಳ ಕಿಟ್‌ಗೆ 7 ಎಂ.ಎಂ. ಹಿತ್ತಾಳೆ ಟ್ಯೂಬ್ ಎರಡು, ಒಂದೊಂದೂ 53 ಎಂ.ಎಂ. ಉದ್ದ. ಮರಕ್ಕೆ ತೂತು ಕೊರೆದು ಒಳಗೆ ಕೂರಿಸಬೇಕು. ಎರಡು ಪೆನ್ನಿಗೆ 212. ತಲೆಯಲ್ಲಿ ಇದ್ದಿದ್ದು ಇಷ್ಟೇ. ಕಡ್ಡಿ ಕೈಗೆ ಬಂದಾಗ ನೋಡಿದರೆ ಎರಡೂ ತುದಿ ಗೂಟದ ಹಾಗೆ ಸಣ್ಣಗಾಗಿತ್ತು. ಅದನ್ನು ತೆಗೆದರೆ ಉಳಿದದ್ದು 225. ಮೂರು ಕಟ್‌ಗೆ ಗರಗಸ ತಿನ್ನುವುದು 6. ಅಂದರೆ ಒಂದೊಂದು ಬ್ಲ್ಯಾಂಕ್‌ಗೆ, ಅಂದರೆ ಕುಯ್ದ ಮರದ ತುಂಡಿಗೆ, ಟ್ಯೂಬಿಗಿಂತ ಒಂದೂಮುಕ್ಕಾಲು ಎಂ.ಎಂ. ಜಾಸ್ತಿ, ಅಷ್ಟೇ.

ಆಗಲೇ ಫೋನ್ ಮಾಡಬೇಕಿತ್ತು. ಕೊಟ್ಟ ಮಾತು ತಿರುಗಿಸೋಕೆ ನಾಚಿಕೆಯಾಗಿ ಮಾಡಲಿಲ್ಲ.

ಮೂರು ಬ್ಲ್ಯಾಂಕ್ ಚೆನ್ನಾಗಿ ಬಂದವು. ನಾಲ್ಕನೆಯದಕ್ಕೆ ತೂತು ಕೊರೆಯುವ ಬಿಟ್ ಬಿಸಿಯಾಗಿತ್ತು. ಹೊರಗೆಳೆದೆ, ಹೊಟ್ಟು ಒರೆಸಿದೆ, ಆರಲಿ ಅಂತ ಬಿಟ್ಟೆ. ಮತ್ತೆ ನಿಧಾನಕ್ಕೆ ಒಳಗೆ ಬಿಟ್ಟೆ. ಬೀಟೆ ಕೊರೆಯುವಾಗ ಬರುವ ಆ ಸಿಹಿ ವಾಸನೆ ತುಂಬಿತ್ತು. ಇನ್ನೇನು ಆಚೆ ಬರಬೇಕು, ಲಟಕ್ ಅಂತು. ಲೇತ್ ನಿಲ್ಲಿಸಿದೆ. ತುದಿಯಲ್ಲಿ ಉಗುರಿನಷ್ಟು ಚೂರು ಎಗರಿ, ತೂತಿನ ಅಂಚಿನವರೆಗೂ ಕಿತ್ತುಬಂದಿತ್ತು, 4 ಎಂ.ಎಂ. ಆಳಕ್ಕೆ. ಹೊರಮೈಯಲ್ಲಿ ಮಾತ್ರ ಆಗಿದ್ದರೆ ಕಡೆಯುವಾಗ ಹೋಗುತ್ತಿತ್ತು. ಸ್ಲಿಮ್‌ಲೈನ್‌ನಲ್ಲಿ ಟ್ಯೂಬಿನ ಮೇಲೆ ಉಳಿಯುವ ಮರವೇ ತೆಳ್ಳಗೆ, ಇದನ್ನು ಮುಚ್ಚೋಕೆ ದಾರಿ ಇಲ್ಲ. ನೆಲದ ಹೊಟ್ಟಿನಲ್ಲಿ ಅರ್ಧ ಗಂಟೆ ಹುಡುಕಿ ಆ ಚೂರು ತೆಗೆದೆ. ಕೂರಿಸಿ ನೋಡಿದೆ, ಕೂರಲಿಲ್ಲ.

ಒಣಗಿದ ಹಳೇ ಬೀಟೆಗೆ ಟ್ಯೂಬಿನ ಉದ್ದಕ್ಕಿಂತ ಕನಿಷ್ಠ 6 ಎಂ.ಎಂ. ಜಾಸ್ತಿ ಬೇಕು. ಬಿಟ್ ಆಚೆ ತೂರೋ ಮುಂಚೆ ನಿಲ್ಲಿಸಿ, ಆ ತುದಿಯನ್ನು ಕುಯ್ದು ತೂತು ಬಿಡಿಸಿದರೆ ಚೂರು ಏಳುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಉದ್ದ ಇರಲಿಲ್ಲ ಅಷ್ಟೇ. ಎಬೊನೈಟ್ (ಗಟ್ಟಿ ರಬ್ಬರ್) ಆಗಿದ್ದರೆ ಇನ್ನೊಂದು ಕಡ್ಡಿ ತರಿಸುತ್ತಿದ್ದೆ. ಕಿಟ್ ಮಾರುವವರ ಮೇಲೂ ನನಗೆ ಸಿಟ್ಟಿದೆ. ಪೊಟ್ಟಣದ ಮೇಲೆ ಒಂದು ಉದ್ದ, ಒಳಗಿನ ಟ್ಯೂಬ್ ಇನ್ನೊಂದು. ಅವತ್ತಿನ ತಪ್ಪು ಅವರದಲ್ಲ, ಆದರೂ ಅಂದಿನಿಂದ ಪ್ರತಿ ಟ್ಯೂಬಿಗೂ ವರ್ನಿಯರ್ ಹಿಡಿದು ಅಳೆಯುತ್ತೇನೆ.

ಸಂಜೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಈಗ ಏನು ಮಾಡಬಹುದು?" ಅಂದರು. ಹಾಳಾದ ತುದಿ ಕುಯ್ದು, ಅಲ್ಲಿ ಕಪ್ಪು ಎಬೊನೈಟ್ ಬಳೆ ಕೂರಿಸಬಹುದು, ಎರಡಕ್ಕೂ ಹಾಕಿದರೆ ಜೋಡಿ ಅನ್ನಿಸುತ್ತೆ ಅಂದೆ. "ಬೇಡ, ಒಂದಕ್ಕೇ ಹಾಕಿ. ಚೆನ್ನಾಗಿರೋದನ್ನ ಮುಟ್ಟಬೇಡಿ" ಅಂದರು.

ಪೆನ್ ತಗೊಳ್ಳೋಕೆ ಅವರೇ ಬಂದರು. ಬಳೆ ಇರುವುದನ್ನು ಜೇಬಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ತಂಗಿಗೆ ಅಂತ ಡಬ್ಬಿಗೆ ಹಾಕಿದರು. "ಕಡ್ಡೀದು ಏನಾದ್ರೂ ಉಳಿದಿದೆಯಾ?" ಅಂತ ಕೇಳಿದರು. ಎರಡು ಗೂಟದ ತುದಿ, ಆ ಒಡೆದ ಚೂರು. ಮೂರನ್ನೂ ಪೇಪರಿನಲ್ಲಿ ಮಡಚಿ ಕೊಟ್ಟೆ.