ಉಷ್ಗುಲಿಯಲ್ಲಿ ಎರಡು ಗಂಟೆ

ಜಾರ್ಜಿಯಾ ದೇಶದಲ್ಲಿ ಹತ್ತು ದಿನ ಸುತ್ತಿದೆವು. ಟಿಬಿಲಿಸಿ ಚೆಂದ, ಬಟುಮಿ ನನಗೆ ಹಿಡಿಸಲಿಲ್ಲ. ಊರಿಗೆ ಬಂದ ಮೇಲೂ ಮನಸ್ಸಿನಲ್ಲಿ ಉಳಿದಿರುವುದು ಸ್ವನೇತಿ ಬೆಟ್ಟಗಳ ನಡುವಿನ ಉಷ್ಗುಲಿ.

ಸ್ವನೇತಿಯ ಮುಖ್ಯ ಪಟ್ಟಣ ಮೆಸ್ಟಿಯಾದಿಂದ ಅಲ್ಲಿಗೆ ಸುಮಾರು 45 ಕಿ.ಮೀ. ಶೇರ್ ಟ್ಯಾಕ್ಸಿ ಹತ್ತುವ ಮೊದಲೇ ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ನಾವು ಕೇಳಲಿಲ್ಲ. ಇಳಿದ ಮೇಲೆ ಡ್ರೈವರ್ ಎರಡು ಬೆರಳು ತೋರಿಸಿದ. ಎರಡೇ ಗಂಟೆ! ಶ್ಖಾರಾ ಶಿಖರದ ಹಿಮನದಿಯ ಬುಡಕ್ಕೆ ನಡೆದು ಬರಲು ಅರ್ಧ ದಿನ ಬೇಕು. ಎಂಗುರಿ ನದಿ ಹುಟ್ಟುವುದೇ ಅಲ್ಲಿ. ಅದು ತಪ್ಪಿಹೋಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಉಷ್ಗುಲಿ ಎಂದರೆ 2,100 ಮೀಟರ್ ಎತ್ತರದಲ್ಲಿರುವ ಕೆಲವು ಕೇರಿಗಳ ಗುಂಪು. ಅದರಲ್ಲಿ ಚಾಝಾಶಿ 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹಿಂದೆ ಐದು ಸಾವಿರ ಮೀಟರ್ ದಾಟಿದ ಶ್ಖಾರಾದ ಬಿಳಿ ಗೋಡೆ, ಮುಂದೆ ಸಾವಿರ ವರ್ಷದಷ್ಟು ಹಳೆಯ ಕಲ್ಲಿನ ಗೋಪುರಗಳು. ಬಾಗಿಲು ಆಳೆತ್ತರಕ್ಕಿಂತ ಮೇಲೆ. ಹಗೆಯವರು ಬಂದರೆ ಒಳಗೆ ಸೇರಿ ಏಣಿ ಎಳೆದುಕೊಳ್ಳುತ್ತಿದ್ದರಂತೆ. ಹಗೆಯವರು ಎಂದರೆ ಹೊರಗಿನವರೇ ಆಗಬೇಕಿಲ್ಲ. ಮನೆತನ ಮನೆತನದ ನಡುವೆ ಕೊಲೆಗೆ ಕೊಲೆಯ ಸೇಡೂ ಇತ್ತು.

ಒಂದು ಗೋಪುರದ ಬುಡದಲ್ಲಿ ಅಜ್ಜ ಒಬ್ಬರು ಮಾಡಿಗೆ ಹೊದಿಸುವ ಕಲ್ಲಿನ ಹಲಗೆಗಳನ್ನು ಆರಿಸುತ್ತ ಕೂತಿದ್ದರು. ಒಂದೊಂದನ್ನೇ ಎತ್ತಿ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳುವುದು. ಠಣ್ ಎಂದರೆ ಬಲಕ್ಕೆ, ಬೊದ್ದು ಸದ್ದಾದರೆ ಎಡಕ್ಕೆ. ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಅವಳ ಮೂಲಕ ಅಜ್ಜನನ್ನು ಕೇಳಿದೆ.

"ಮೇಲೆ ಹತ್ತಿ ನೋಡಬಹುದಾ?"

"ಬೇಡಮ್ಮ, ಒಳಗಿನ ಅಟ್ಟ ಕೊಳೆತಿದೆ. ಮಾಡಿನ ಒಂದು ಹಲಗೆ ಜಾರಿದರೂ ಸಾಕು, ಹಿಮ ಕರಗಿದ ನೀರು ಒಳಗಿಳಿಯುತ್ತದೆ. ಮರ ಹೋಗುತ್ತದೆ. ಗಾರೆಯೊಳಗಿನ ನೀರು ಚಳಿಗೆ ಗಡ್ಡೆಕಟ್ಟಿ ಉಬ್ಬಿದರೆ ಗೋಡೆಗೆ ಹೊಟ್ಟೆ ಬರುತ್ತದೆ."

ನಮ್ಮ ಮಲೆನಾಡಿನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಅಪ್ಪ ಹಂಚು ಕೈಯಾಡಿಸುತ್ತಿದ್ದುದು ನೆನಪಾಯಿತು. ಪಕ್ಕದ ಮನೆಗೆ ತುಕ್ಕು ಹಿಡಿದ ತಗಡು ಹೊದಿಸಿದ್ದರು. ದಾರಿಯುದ್ದಕ್ಕೂ ಇಂಥ ತಗಡು ಕಂಡಾಗಲೆಲ್ಲ ಬೇಸರಪಟ್ಟಿದ್ದೆ. ಅದನ್ನೇ ಕೇಳಿದೆ.

"ತಗಡು ಇರೋದಕ್ಕೇ ಆ ಮನೆ ನಿಂತಿದೆ. ಕಲ್ಲು ಹೊರಲು ನಾಲ್ಕು ಜನ ಬೇಕು. ಚಳಿಗಾಲದಲ್ಲಿ ಇಲ್ಲಿ ಇರುವವರಾದರೂ ಎಷ್ಟು ಜನ?"

1987ರ ಹಿಮಕುಸಿತಗಳ ನಂತರ ಸ್ವನೇತಿಯ ಎಷ್ಟೋ ಕುಟುಂಬಗಳು ಬಯಲುಸೀಮೆಗೆ ಹೋದವು. ಆ ತಗಡಿನ ಮನೆಯವರೂ ಆಗಲೇ ಹೋದರಂತೆ. ಬೇಸಿಗೆಯಲ್ಲಿ ಬಂದು ಬೀಗ ತೆಗೆದು, ಮಾಡು ನೋಡಿಕೊಂಡು ಹೋಗುತ್ತಾರಂತೆ. ತಗಡಿನ ಬಗ್ಗೆ ಮತ್ತೆ ನಾನು ಮಾತೆತ್ತಲಿಲ್ಲ.

ಮೊಮ್ಮಗಳು ಒಳಗಿನಿಂದ ತಷ್ಮಿಜಾಬಿ ತಂದುಕೊಟ್ಟಳು. ಚೀಸ್ ಸೇರಿಸಿ ಕಲಸಿದ ಬಿಸಿ ಆಲೂಗಡ್ಡೆ, ಎಳೆದರೆ ದಾರದಂತೆ ಬರುತ್ತದೆ. ಮೆಸ್ಟಿಯಾದ ಹೋಟೆಲಿನಲ್ಲಿ ತಿಂದದ್ದು ಇದರ ಹತ್ತಿರಕ್ಕೂ ಬರುವುದಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಹಾರ್ನ್ ಕೇಳಿಸಿತು. ಅಜ್ಜ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಒಂದು ಹಲಗೆ ಎತ್ತಿ ಹಿಡಿದರು. ತಟ್ಟಿದೆ. ಠಣ್ ಎಂದಿತು. ಅದನ್ನು ಬಲಗಡೆಯ ರಾಶಿಗೆ ಸೇರಿಸಿದರು.