ಮೈಸೂರಿನಲ್ಲಿ ಕೆಂಪು ಕಲ್ಲು ಕೊಳ್ಳುವ ಮುಂಚೆ

ಮೈಸೂರಿಗೆ ಹೋಗಿ ಬರ್ಮಾ ಮಾಣಿಕ್ಯ ಹುಡುಕಬೇಡಿ. ಆ ಥರದ ಪಾರದರ್ಶಕ ಕಲ್ಲು ಮೈಸೂರಿನ ಅಂಗಡಿಗೂ ಹೊರಗಿನಿಂದಲೇ ಬರುತ್ತದೆ. ಬೇಕಿದ್ದರೆ ನೀವೇ ಜೈಪುರಕ್ಕೆ ಹೋಗಿ, ಆಯ್ಕೆ ಜಾಸ್ತಿ ಇರುತ್ತದೆ. ಮೈಸೂರು ಸೀಮೆಯ ಕಲ್ಲಿನ ಜಾತಿಯೇ ಬೇರೆ. ಬೆಳಕು ಆಚೆ ಹಾಯುವುದಿಲ್ಲ, ಬಣ್ಣ ನೇರಳೆ ಬೆರೆತ ಕೆಂಪು. ದುಂಡಗೆ ಉಜ್ಜಿ ಮೇಲಿಂದ ದೀಪ ಹಿಡಿದರೆ ಆರು ಗೆರೆಯ ನಕ್ಷತ್ರ ಮೂಡುತ್ತದೆ. ಇದೇ ಸ್ಟಾರ್ ರೂಬಿ. ನಾನು ಹಾಸನದಿಂದ ಹೋಗಿದ್ದು ಇದಕ್ಕೇ. ಜೊತೆಗೆ ಷೋಕೇಸ್‌ಗೆ ಒಂದೆರಡು ಒರಟು ಹರಳು ತರುವುದಿತ್ತು, ಮನೆಯಲ್ಲಿದ್ದ ಹಳೆ ಉಂಗುರದ ಕಲ್ಲು ಮಾರುವುದಿತ್ತು. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದ ಗೆಳೆಯನೊಬ್ಬ ಜೊತೆಗಿದ್ದ. ಕೆಳಗೆ ಬರೆದ ಅರ್ಧ ಬುದ್ಧಿ ಅವನದ್ದು.

ದಸರಾ ಸಮಯ ಬಿಟ್ಟು ಹೋಗಿ. ಆಗ ರೂಮಿನ ಬಾಡಿಗೆಯೂ ಜಾಸ್ತಿ, ಅಂಗಡಿಯವರಿಗೆ ಪುರುಸೊತ್ತೂ ಇರುವುದಿಲ್ಲ. ಅರಮನೆಯಿಂದ ಫಿಲೋಮಿನಾ ಚರ್ಚ್ ಕಡೆಗೆ ಹೋಗುವ ಅಶೋಕ ರಸ್ತೆಯಲ್ಲಿ ಒಡವೆ ಅಂಗಡಿಗಳು ಸಾಲಾಗಿವೆ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಕಲ್ಲು ನೋಡುವುದಾದರೆ ಬೆಳಗ್ಗೆಯೇ ಹೋಗಿ, ಬಿಸಿಲಿರುವಾಗ.

ಯಾಕೆ ಅಂದ್ರೆ ಅಂಗಡಿಗಳಲ್ಲಿ ಹಳದಿ ದೀಪ ಜಾಸ್ತಿ. ಆ ಬೆಳಕಿನಲ್ಲಿ ಎಲ್ಲ ಕೆಂಪೂ ಚೆನ್ನಾಗಿಯೇ ಕಾಣುತ್ತದೆ. ಕಲ್ಲನ್ನು ಬಾಗಿಲ ಹತ್ತಿರ ತಂದು ನೋಡುತ್ತೇನೆ ಅನ್ನಿ. ಆಗಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಹಗಲು ಬೆಳಕು ಬಣ್ಣ ನೋಡುವುದಕ್ಕೆ ಮಾತ್ರ. ನಕ್ಷತ್ರಕ್ಕೆ ಒಂದೇ ಚುಕ್ಕಿಯಿಂದ ಬರುವ ಬೆಳಕು ಬೇಕು, ಟ್ಯೂಬ್‌ಲೈಟ್ ಕೆಳಗೆ ಅದು ಸರಿಯಾಗಿ ಕಾಣುವುದಿಲ್ಲ. ಫೋನಿನ ಟಾರ್ಚ್ ಹಿಡಿದು ನಿಧಾನಕ್ಕೆ ಆಚೀಚೆ ಸರಿಸಿ.

ನಮಗೆ ತೋರಿಸಿದ ಒಂದು ಕಲ್ಲಿನಲ್ಲಿ ನಕ್ಷತ್ರ ಟಾರ್ಚಿನ ಹಿಂದೆಯೇ ಜಾರುತ್ತಿತ್ತು. ಐದು ಗೆರೆ ಅಂಚಿನವರೆಗೂ ಹೋಗಿದ್ದವು, ಆರನೆಯದು ಅರ್ಧಕ್ಕೇ ನಿಂತಿತ್ತು. ಲೆನ್ಸ್ ಇಟ್ಟು ನೋಡಿದರೆ ಅಲ್ಲೊಂದು ಸಣ್ಣ ಬಿರುಕು. ತಿರುಗಿಸಿದರೆ ತಳ ಒರಟಾಗಿಯೇ ಇತ್ತು. ತೂಕ ಹೋಗದಿರಲಿ ಅಂತ ತಳಕ್ಕೆ ಪಾಲಿಷ್ ಹಾಕದೆ ಬಿಡುತ್ತಾರೆ. ಪಕ್ಕದ ತಟ್ಟೆಯಲ್ಲಿ ಇನ್ನೊಂದಿತ್ತು, ಬಣ್ಣ ಒಂದೇ ಸಮ, ನಕ್ಷತ್ರ ಬಿಳಿ ದಾರ ಎಳೆದು ಅಂಟಿಸಿದ ಹಾಗೆ ಚೂಪು. ತಳವೂ ನಯ. ಅದು ಫ್ಯಾಕ್ಟರಿ ಮಾಲು ಅಂತ ಗೆಳೆಯ ಕಿವಿಯಲ್ಲಿ ಹೇಳಿದ. ಅಮೆರಿಕದ ಲಿಂಡೆ ಕಂಪನಿ 1947ರಲ್ಲೇ ಇಂಥ ಕಲ್ಲನ್ನು ಮಾರುಕಟ್ಟೆಗೆ ಬಿಟ್ಟಿತ್ತು, ಹಾಗಾಗಿ ಅಜ್ಜಿ ಕಾಲದ ಒಡವೆ ಅಂದ ಮಾತ್ರಕ್ಕೆ ನಂಬುವ ಹಾಗಿಲ್ಲ. ನಿಜವಾದ ಕಲ್ಲಿನೊಳಗೆ ರೂಟೈಲ್ ಖನಿಜದ ಸೂಕ್ಷ್ಮ ಸೂಜಿಗಳು ಮೂರು ದಿಕ್ಕಿಗೆ ಸಾಲಾಗಿರುತ್ತವೆ, ಬೆಳಕು ಅವುಗಳ ಮೇಲೆ ಬಿದ್ದು ಗೆರೆಯಾಗುತ್ತದೆ. ಭೂಮಿಯೊಳಗೆ ಬೆಳೆದದ್ದು ಅಷ್ಟು ಅಚ್ಚುಕಟ್ಟಾಗಿ ಇರುವುದು ಅಪರೂಪ. ನಾನು ತಂದಿದ್ದು ಆ ಅರ್ಧ ಗೆರೆಯದ್ದನ್ನೇ.

ಪಾರದರ್ಶಕ ಕೆಂಪು ಕಡಿಮೆ ಬೆಲೆಗೆ ಸಿಕ್ಕರೆ ಇನ್ನೂ ಹುಷಾರು. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಕಲ್ಲು ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ಗುಳ್ಳೆ ಮತ್ತು ನೀಲಿ ಮಿಂಚು ಕಾಣುತ್ತವೆ. ಇಂಥದ್ದಕ್ಕೆ ಅಕ್ಕಸಾಲಿಯ ಬೆಂಕಿ ತಾಗಿದರೂ ಕೆಟ್ಟಿತು, ನಿಂಬೆರಸ ತಾಗಿದರೂ ಕೆಟ್ಟಿತು.

ಬಿಲ್ ವಿಷಯದಲ್ಲಿ ನಾಚಿಕೆ ಬೇಡ. ನೈಸರ್ಗಿಕ ಅಂತ ಬರೆಸಿ, ಏನಾದರೂ ಟ್ರೀಟ್‌ಮೆಂಟ್ ಆಗಿದ್ದರೆ ಅದನ್ನೂ ಬರೆಸಿ, ತೂಕವನ್ನು ಕ್ಯಾರೆಟ್‌ನಲ್ಲಿ ಬರೆಸಿ. 5 ಕ್ಯಾರೆಟ್ ಅಂದ್ರೆ 1 ಗ್ರಾಂ. ರತ್ತಿ ಲೆಕ್ಕ ಹೇಳಿದರೆ ಒಪ್ಪಬೇಡಿ, ಅದು ಅಂಗಡಿಗೊಂದು ಥರ ಇರುತ್ತದೆ. ಉಂಗುರ ಕೊಂಡರೆ ಚಿನ್ನದ ತೂಕ ಬೇರೆ, ಕಲ್ಲಿನ ತೂಕ ಬೇರೆ ಇರಲಿ. ಹಾಲ್‌ಮಾರ್ಕ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರು ಬಹಳ. ಆ ಮುದ್ರೆ ಚಿನ್ನಕ್ಕೆ, ಕಲ್ಲಿಗಲ್ಲ. ದೊಡ್ಡ ಮೊತ್ತವಾದರೆ ಮೊದಲು ಲ್ಯಾಬ್ ವರದಿ, ಆಮೇಲೆ ದುಡ್ಡು. 2 ಲಕ್ಷ ರೂಪಾಯಿ ದಾಟಿದರೆ ಪಾನ್ ಕಾರ್ಡ್ ಕೇಳುತ್ತಾರೆ, ಅಷ್ಟು ನಗದನ್ನು ಅವರು ತೆಗೆದುಕೊಳ್ಳುವ ಹಾಗೂ ಇಲ್ಲ.

ಇನ್ನು ಷೋಕೇಸ್ ಹರಳು. ನನಗೆ ಆಭರಣದ ಕಲ್ಲಿಗಿಂತ ಇದರ ಮೇಲೇ ಪ್ರೀತಿ ಜಾಸ್ತಿ. ಕುರಂದ ಅಂದ್ರೆ ಮಾಣಿಕ್ಯದ ಮೂಲ ಖನಿಜ. ಅದರ ಉಜ್ಜದ ಹರಳು ಆರು ಮೂಲೆಯ ಕಂಬ, ತಲೆಯ ಮೇಲೆ ಕೆಲವು ಸಲ ತ್ರಿಕೋನದ ಗೆರೆ ಇರುತ್ತವೆ. ಎಲ್ಲಕ್ಕಿಂತ ಚೆಂದ ಫುಕ್ಸೈಟ್‌ನಲ್ಲಿ ಹುದುಗಿದ್ದು. ಹಸಿರು ಅಭ್ರಕದ ನಡುವೆ ಕೆಂಪು ಹರಳು, ಎರಡರ ಮಧ್ಯೆ ತೆಳ್ಳಗೆ ಕಯನೈಟ್‌ನ ನೀಲಿ ಅಂಚು. ಇದರ ಹೆಸರಿನಲ್ಲಿ ಟಾಂಜಾನಿಯಾದ ಜೊಯಿಸೈಟ್ ಅನ್ನುವ ಬೇರೆ ಹಸಿರು ಕಲ್ಲು ಕೊಡುವುದೂ ಉಂಟು. ತಿಳಿಯುವುದು ಸುಲಭ. ಫುಕ್ಸೈಟ್ ಮಿನುಗುತ್ತದೆ, ತಾಮ್ರದ ಕಾಸಿನಿಂದ ಗೀಚಿದರೆ ಗೀರು ಬೀಳುತ್ತದೆ. ಜೊಯಿಸೈಟ್ ಗಟ್ಟಿ, ಹಸಿರಿನ ನಡುವೆ ಕಪ್ಪು ಮಚ್ಚೆ ಇರುತ್ತವೆ. ಬಿಡಿ ಹರಳಾದರೆ ನೀರಿನಲ್ಲಿ ತೂಗಿ ನೋಡಿ. ಕುರಂದದ ಸಾಂದ್ರತೆ 4ರ ಹತ್ತಿರ. 20 ಗ್ರಾಂ ಕಲ್ಲನ್ನು ದಾರದಲ್ಲಿ ತಕ್ಕಡಿಗೆ ನೇತುಹಾಕಿ ನೀರಿಗೆ ಇಳಿಸಿದರೆ ಸುಮಾರು 15 ಗ್ರಾಂ ತೋರಿಸಬೇಕು, ಗಾಜಾದರೆ ಇನ್ನೂ ಇಳಿಯುತ್ತದೆ. ಫ್ಯಾಕ್ಟರಿಯಲ್ಲಿ ಮಾಡಿದ ಕುರಂದವನ್ನು ಈ ಲೆಕ್ಕ ಹಿಡಿಯುವುದಿಲ್ಲ, ನೆನಪಿರಲಿ.

ಯಾವ ಊರಿನ ಕಲ್ಲು ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸಂಗ್ರಹ ಮಾಡುವವರು ಬೆಲೆ ಕೊಡುವುದು ಆ ಚೀಟಿಗೂ ಸೇರಿಸಿ. ಬರೀ ‘ಕರ್ನಾಟಕ’ ಅಂತ ಬರೆದುಕೊಟ್ಟರೆ ನಾನಂತೂ ಚೌಕಾಸಿ ಶುರು ಮಾಡುತ್ತೇನೆ.

‘ಹೊಲದಲ್ಲಿ ಸಿಕ್ಕಿದ್ದು ಸಾರ್’ ಅಂತ ಬಸ್ ಸ್ಟ್ಯಾಂಡಿನಲ್ಲಿ ಕಾಗದ ಬಿಚ್ಚಿ ತೋರಿಸುವವರಿಂದ ತೆಗೆದುಕೊಳ್ಳಬೇಡಿ. ನಾವೇ ಹೋಗಿ ಅಗೆಯೋಣ ಅನ್ನುವ ಆಸೆಯೂ ಬೇಡ. 2015ರಿಂದ ಕುರಂದ ಉಪಖನಿಜಗಳ ಪಟ್ಟಿಯಲ್ಲಿದೆ, ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ. ಎಚ್.ಡಿ. ಕೋಟೆ ಕಡೆ ಹೋದರೆ ನಾಗರಹೊಳೆ, ಬಂಡೀಪುರದ ಕಾಡು. ಅಲ್ಲಂತೂ ಕಲ್ಲಿಗೆ ಕೈಯೇ ಹಾಕಬೇಡಿ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿದೆ ಅಂತ 2021ರಲ್ಲಿ ಸುದ್ದಿಯಾದ ಮೇಲೆ ಅಲ್ಲಿಂದ ಏನಾದರೂ ಹೆಕ್ಕಿ ತರಬಹುದಾ ಅಂತ ಕೇಳುವವರಿದ್ದಾರೆ. ಅದು ಉಂಗುರಕ್ಕೆ ಹಾಕುವ ವಸ್ತುವಲ್ಲ ಮಾರಾಯರೇ.

ಮಾರುವುದಕ್ಕೆ ಹೋಗುವವರು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ನೀವು ಕೊಳ್ಳುವಾಗ ‘ಅಪರೂಪದ್ದು’ ಆಗಿದ್ದ ಕಲ್ಲು, ಮಾರುವಾಗ ‘ಇದಕ್ಕೆ ಡಿಮ್ಯಾಂಡ್ ಇಲ್ಲ’ ಆಗುತ್ತದೆ. ಚಿನ್ನಕ್ಕಿರುವ ದಿನದ ದರ ಕಲ್ಲಿಗಿಲ್ಲ ಅಲ್ವಾ? ಒಂದು ಅಂಗಡಿಯಲ್ಲಿ ನಮ್ಮ ಉಂಗುರದ ಚಿನ್ನ ಮಾತ್ರ ತೂಗಿ, ಕಲ್ಲನ್ನು ಬಿಡಿಸಿ ಕೈಗೆ ಕೊಟ್ಟರು. ಇನ್ನೊಂದರಲ್ಲಿ ಬೆಲೆ ಹೇಳಿದರು, ಆದರೆ ಟಾರ್ಚನ್ನೇ ಹಿಡಿಯಲಿಲ್ಲ. ಹಾಗೆ ಹೇಳಿದ ಬೆಲೆಗೆ ನಾನು ಕೊಡಲಿಲ್ಲ. ನಾಲ್ಕು ಕಡೆ ಕೇಳಿ, ಬೆಲೆಗಳನ್ನು ಬರೆದಿಟ್ಟುಕೊಳ್ಳಿ, ಅವತ್ತೇ ಮಾರಬೇಡಿ. ಕಲ್ಲನ್ನು ಅಂಗಡಿಯಲ್ಲಿ ಬಿಟ್ಟು ಬರಲೇಬೇಕಾದರೆ ತೂಕ, ಅಳತೆ, ಫೋಟೋ ಸಮೇತ ರಸೀದಿ ಪಡೆಯಿರಿ. ವಾಪಸ್ ಬರುವಾಗ ಪ್ರತಿ ಕಲ್ಲನ್ನೂ ಬೇರೆ ಬೇರೆ ಸುತ್ತಿ. ವಜ್ರದ ಗಡಸುತನ 10 ಆದರೆ ಕುರಂದದ್ದು 9, ಜೊತೆಗಿಟ್ಟರೆ ವಜ್ರ ಬಿಟ್ಟು ಉಳಿದ ಕಲ್ಲುಗಳಿಗೆಲ್ಲ ಗೀರು ಹಾಕುತ್ತದೆ.